ಮಣೆ ಮೇಲೆ ನಿಂತು ಮಿಂದ ಎಂಟು ತಿಂಗಳು

ಕಳೆದ ವರ್ಷ ಆಸಾಡಿಯ ಮಳೆ ಜೋರಾಗಿ ಹಿಡಿದಿದ್ದ ದಿನಗಳು. ನನ್ನ ಮಗಳು ಸುಷ್ಮಾಳ ಬಾಣಂತನದ ಹದಿನೇಳನೆಯ ಬೆಳಿಗ್ಗೆ ನಡೆದದ್ದು ಇದು. ಆದರೆ ಅದನ್ನು ಹೇಳಬೇಕಾದರೆ ಎಂಟು ತಿಂಗಳು ಹಿಂದಿನಿಂದ ಶುರುಮಾಡಬೇಕು. ತಪ್ಪು ಶುರುವಾದದ್ದೇ ಅಲ್ಲಿಂದ.

ನಾವು ಸಾಲಿಗ್ರಾಮದಲ್ಲಿ ಹೆದ್ದಾರಿಯಿಂದ ಸ್ವಲ್ಪ ಒಳಗೆ, ಒಂದು ಮನೆಯ ಮಾಳಿಗೆಯಲ್ಲಿ ಬಾಡಿಗೆಗೆ ಇದ್ದೇವೆ. ಕೆಳಗೆ ಮನೆಯ ಒಡತಿ ಶಾರದಕ್ಕ, ಅವರ ಮಗ, ಸೊಸೆ, ಮೊಮ್ಮಗಳು. ನನ್ನ ಗಂಡ ಲಾರಿ ಡ್ರೈವರ್, ವಾರದಲ್ಲಿ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು, ಇದ್ದಾಗಲೂ ನಿದ್ದೆ. ನಾನು ಕುಂದಾಪುರದ ಒಂದು ಬಟ್ಟೆ ಅಂಗಡಿಯಲ್ಲಿ ಸೀರೆ ತೋರಿಸುವ ಕೆಲಸಕ್ಕಿದ್ದೇನೆ. ನನ್ನ ಬಾಯಿ ಸ್ವಲ್ಪ ಜೋರು ಎಂದು ಎಲ್ಲರೂ ಹೇಳುತ್ತಾರೆ, ನಾನೂ ಇಲ್ಲವೆನ್ನುವುದಿಲ್ಲ. ಬಸ್ಸಿನವನು ನಾನು ಹೇಳಿದ ಜಾಗ ಬಿಟ್ಟು ಹತ್ತು ಮಾರು ಮುಂದೆ ಇಳಿಸಿದರೆ ಅವನನ್ನು ಸುಮ್ಮನೆ ಬಿಟ್ಟವಳಲ್ಲ. ಇಂಥ ನಾನು ಒಂದು ಗೀಸರಿನ ವಿಷಯದಲ್ಲಿ ಎಂಟು ತಿಂಗಳು ಬಾಯಿ ಮುಚ್ಚಿಕೊಂಡು ಕೂತಿದ್ದೆ.

ಮನೆಗೆ ಬಂದ ಎರಡನೆಯ ವಾರವೇ ಗೊತ್ತಾಯಿತು. ಬಚ್ಚಲಿನಲ್ಲಿ ಗೀಸರ್ ಹಾಕಿ ನಲ್ಲಿ ಮುಟ್ಟಿದರೆ ಕೈಯಲ್ಲಿ ಜುಮ್ಮೆಂದಿತು. ಮೊದಲು ಇರುವೆ ಕಚ್ಚಿತೋ ಏನೋ ಅಂದುಕೊಂಡೆ. ಮರುದಿನವೂ ಹಾಗೇ ಆಯಿತು. ಕೆಳಗಿಳಿದು ಹೋಗಿ ಹೇಳಿದೆ.

"ಶಾರದಕ್ಕ, ಬಚ್ಚಲಗೆ ನಲ್ಲಿ ಮುಟ್ಟಿರೆ ಜುಮ್ ಅಂತ್ ಮಾರ್ರೆ."

ಶಾರದಕ್ಕ ಬಸಳೆ ಕೊಯ್ಯುತ್ತಿದ್ದವರು ತಲೆ ಎತ್ತಿ ನಕ್ಕರು. "ಹೌದ್ ಹೆಣೆ, ನಮ್ಮ ಬಚ್ಚಲಗೂ ಹಾಂಗೇ. ಮಣಿ ಹಾಯ್ಕಂಡ್ ಅದ್ರ ಮೇಲ್ ನಿಂತ್ಕೊ, ಎಂತದೂ ಆತ್ತಿಲ್ಲೆ. ನಾನ್ ಮೂರ್ ವರ್ಷದಿಂದ ಹಾಂಗೇ ಮೀತಾ ಇಪ್ಪುದ್."

ಹಾಗೆಂದು ಒಳಗೆ ಹೋಗಿ ಹಲಸಿನ ಮರದ ಒಂದು ಹಳೆಯ ಮಣೆ ತಂದು ನನ್ನ ಕೈಗೆ ಕೊಟ್ಟರು. ಜೊತೆಗೆ ಒಂದು ಕಟ್ಟು ಬಸಳೆಯನ್ನೂ ಕೊಟ್ಟರು. ಮಣೆ ಒಂದು ಕಂಕುಳಲ್ಲಿ, ಬಸಳೆ ಇನ್ನೊಂದರಲ್ಲಿ ಇಟ್ಟುಕೊಂಡು ನಾನು ಮೆಟ್ಟಿಲು ಹತ್ತಿದೆ. ಜಗಳ ಮಾಡಲು ಹೋದವಳು ಉಪಕಾರ ಹೊತ್ತು ಬಂದ ಹಾಗಾಯಿತು.

ಮಣೆಯ ಮೇಲೆ ನಿಂತರೆ ನಿಜವಾಗಿಯೂ ಜುಮ್ಮೆನ್ನುತ್ತಿರಲಿಲ್ಲ. ನನ್ನ ಗಂಡನಿಗೂ ಹೇಳಿದೆ, ಅವರೂ ಮಣೆ ಹತ್ತಿ ಮಿಂದರು. ಮನುಷ್ಯನಿಗೆ ಎಂಥದ್ದೂ ಅಭ್ಯಾಸವಾಗುತ್ತದೆ ನೋಡಿ. ಒಂದು ತಿಂಗಳಲ್ಲಿ ಬಚ್ಚಲಿಗೆ ಹೋದರೆ ಕಾಲು ತಾನಾಗಿಯೇ ಮಣೆ ಹುಡುಕುತ್ತಿತ್ತು. ಆದರೆ ಸುಷ್ಮಾಳಿಗೆ ಏಳು ತಿಂಗಳು ತುಂಬಿ, ಬಾಣಂತನಕ್ಕೆ ಇಲ್ಲಿಗೇ ಬರುವುದೆಂದು ನಿಶ್ಚಯವಾದ ದಿನದಿಂದ ನನಗೆ ತಳಮಳ ಶುರುವಾಯಿತು. ಬಾಣಂತಿ ಸ್ನಾನ ಅಂದರೆ ಒಂದೆರಡು ತಂಬಿಗೆಯ ಮಾತಲ್ಲ. ಬಕೆಟ್‌ಗಟ್ಟಲೆ ಸುಡುಸುಡು ನೀರು, ಅದರಲ್ಲೂ ಹಸಿ ಮಗು.

ಒಂದು ದಿನ ಅಂಗಡಿಗೆ ಒಬ್ಬ ವಕೀಲೆ ಸೀರೆ ತೆಗೆಯಲು ಬಂದಿದ್ದರು. ಆಗಾಗ ಬರುವ ಗಿರಾಕಿ, ಸಲಿಗೆಯಿಂದ ಮಾತಾಡುವವರು. ಸೀರೆ ಮಡಚುತ್ತಾ ವಿಷಯ ಹೇಳಿದೆ. ಅವರು ಕೇಳಿದರು, "ಗೀಸರ್ ಯಾರದ್ದು? ನೀವು ಹಾಕಿಸಿದ್ದಾ, ಮನೆ ಒಟ್ಟಿಗೆ ಬಂದದ್ದಾ?"

"ಮನೆ ಒಟ್ಟಿಗೆ ಬಂದದ್ದು."

"ಕರಾರುಪತ್ರದಲ್ಲಿ ಎಂತ ಬರೆದಿದ್ದಾರೆ?"

ನಾನು ಸಹಿ ಹಾಕಿದ್ದೆನೇ ಹೊರತು ಓದಿರಲಿಲ್ಲ. ನಾಚಿಕೆಯಾಯಿತು. ಅವರು ಬೈಯಲಿಲ್ಲ. "ಮನೆಗೆ ಹೋಗಿ ಓದಿ. ಸಾಮಾನ್ಯವಾಗಿ ಬಲ್ಬು, ನಲ್ಲಿಯ ವಾಷರ್ ಅಂಥ ಸಣ್ಣಪುಟ್ಟದ್ದು ಬಾಡಿಗೆಯವರದ್ದು. ಒಳಗಿನ ವಯರಿಂಗು, ಅವರು ಕೊಟ್ಟ ಗೀಸರು, ಅದೆಲ್ಲ ಮನೆಯವರೇ ಸರಿ ಮಾಡಿಸಿಕೊಡಬೇಕು. ನೀವು ಹಾಳು ಮಾಡಿದ್ದಾದರೆ ಬೇರೆ ಮಾತು. ಆದರೆ ಬಾಯಲ್ಲಿ ಹೇಳಿದರೆ ಸಾಲುವುದಿಲ್ಲ. ಒಂದು ಕಾಗದದಲ್ಲಿ ಬರೆದುಕೊಡಿ, ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಹೇಳಲಿಲ್ಲ ಅಂತ ನಾಳೆ ಅವರು ಹೇಳಬಾರದು."

ಆ ದಿನ ಸಂಜೆ ಕಪಾಟಿನಿಂದ ಕರಾರುಪತ್ರ ತೆಗೆದು ಓದಿದೆ. ಅವರು ಹೇಳಿದ ಹಾಗೆಯೇ ಇತ್ತು. ಮನೆಯೊಂದಿಗೆ ಕೊಟ್ಟ ವಸ್ತುಗಳ ಪಟ್ಟಿಯಲ್ಲಿ ಮೂರು ಫ್ಯಾನು, ಒಂದು ಗೀಸರು. ದೊಡ್ಡ ದುರಸ್ತಿ ಮಾಲೀಕರದ್ದು ಎಂದು ಸ್ಪಷ್ಟವಾಗಿ ಬರೆದಿತ್ತು. ನನಗೆ ಬಲ ಬಂತು. ಕೂತು ಒಂದು ಕಾಗದ ಬರೆದೆ. ಎರಡು ಪ್ರತಿ ಮಾಡಿ, ವ್ಯಾನಿಟಿ ಬ್ಯಾಗಿನಲ್ಲಿ ಇಟ್ಟುಕೊಂಡೆ.

ಅದು ಬ್ಯಾಗಿನಲ್ಲೇ ಉಳಿಯಿತು. ಎರಡು ಸಲ ಕೆಳಗೆ ಹೋದೆ. ಮೊದಲ ಸಲ ಅವರ ಮನೆಗೆ ನೆಂಟರು ಬಂದಿದ್ದರು. ಎರಡನೆಯ ಸಲ ಶಾರದಕ್ಕ ನನ್ನನ್ನು ಅಡುಗೆಮನೆಗೇ ಕರೆದು ಬಿಸಿ ಪತ್ರೊಡೆ ತಟ್ಟೆಗೆ ಹಾಕಿದರು. "ಬಸ್ರಿ ಹೆಣ್ಣಿಗೂ ತಕಂಡ್ ಹೋಗ್" ಎಂದು ಡಬ್ಬಿಗೂ ತುಂಬಿದರು. ಪತ್ರೊಡೆ ತಿಂದ ಕೈಯಿಂದ ನೋಟಿಸಿನಂಥ ಕಾಗದ ಹೇಗೆ ಕೊಡುವುದು? ನಮ್ಮ ಕಡೆ ಕಾಗದ ಕೊಡುವುದೆಂದರೆ ಮಾತು ಬಿಟ್ಟ ಹಾಗೆ. ಇನ್ನೊಂದು ಹೆದರಿಕೆಯೂ ಇತ್ತು, ಸುಳ್ಳು ಯಾಕೆ ಹೇಳಲಿ. ಹೆರಿಗೆಯ ದಿನ ಹತ್ತಿರ ಬಂದಾಗ ಅವರು ಸಿಟ್ಟಿನಲ್ಲಿ ಮನೆ ಬಿಡಿ ಅಂದರೆ ಬಾಣಂತಿಯನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದು? ಬಾಯಿ ಮಾತಲ್ಲಿ ಮತ್ತೊಮ್ಮೆ ನೆನಪಿಸಿ ಸುಮ್ಮನಾದೆ. "ಮಳಿ ಬಿಡ್ಲಿ, ಸಮ ಮಾಡ್ಸುವ" ಅಂದರು ಅವರು.

ಸುಷ್ಮಾಳಿಗೆ ಹೆಣ್ಣು ಮಗು ಹುಟ್ಟಿತು. ಮಗು ಮೀಯಿಸಲು ಗುಲಾಬಿಯಕ್ಕನಿಗೆ ಹೇಳಿಟ್ಟಿದ್ದೆ. ಕಡಲ ಬದಿಯವರು, ಅರವತ್ತರ ಹತ್ತಿರದ ಪ್ರಾಯ. ಕೋಟ, ಸಾಲಿಗ್ರಾಮದ ಸುತ್ತ ಎಷ್ಟು ಮಕ್ಕಳು ಅವರ ಕಾಲ ಮೇಲೆ ಮಲಗಿ ಎಣ್ಣೆ ಹಚ್ಚಿಸಿಕೊಂಡಿವೆಯೋ ಲೆಕ್ಕವಿಲ್ಲ. ಅವರು ಸಿಗುವುದೇ ಕಷ್ಟ. ನಮ್ಮ ಮನೆಗೆ ಬರುವಾಗಲೇ ಇನ್ನಿಬ್ಬರು ಅವರನ್ನು ಕೇಳಿಕೊಂಡು ಹೋಗಿದ್ದರು.

ಮೊದಲ ದಿನ ಬಚ್ಚಲಿಗೆ ಬಂದವರೇ ಮಣೆಯನ್ನು ಕಾಲಿನಿಂದ ಬದಿಗೆ ಸರಿಸಿದರು. "ಇದ್ ಎಂತಕೆ ಇಲ್ಲಿ? ಎಣ್ಣಿ ಬಿದ್ರೆ ಜಾರತ್ತ್. ಮಗು ಹಿಡ್ಕಂಡ್ ಕೂಕಂಬ್ಕೆ ನೆಲವೇ ಲಾಯ್ಕ್" ಎಂದು ಒದ್ದೆ ನೆಲದಲ್ಲೇ ಕಾಲು ಚಾಚಿ ಕೂತರು.

ಆಗಲೇ ಹೇಳಬೇಕಿತ್ತು. ಬಾಯಿಯವರೆಗೆ ಬಂತು. ಹೇಳಿದರೆ ಹೆದರಿ ನಾಳೆಯಿಂದ ಬರುವುದಿಲ್ಲ ಅಂದರೆ ಎಂಬ ಯೋಚನೆ ಬಂತು, ನುಂಗಿಕೊಂಡೆ. ಬದಲಿಗೆ ಒಂದು ಉಪಾಯ ಮಾಡಿದೆ. ದಿನಾ ಬೆಳಿಗ್ಗೆ ಅವರು ಬರುವ ಮೊದಲೇ ನಾನು ಮಣೆ ಹತ್ತಿ ನಿಂತು, ಎಲ್ಲ ಬಕೆಟ್, ಕೊಡಪಾನ ತುಂಬಿಸಿ, ಗೀಸರಿನ ಸ್ವಿಚ್ಚು ಆಫ್ ಮಾಡುವುದು. ಆಮೇಲೆ ಅವರನ್ನು ಒಳಗೆ ಕರೆಯುವುದು. ಸುಷ್ಮಾ ಒಮ್ಮೆ ಕೇಳಿದಳು, "ಅಮ್ಮಾ, ಗುಲಾಬಿಯಕ್ಕನಿಗೆ ಹೇಳಿದ್ಯಾ?" ನಾನು, "ನೀನ್ ಸುಮ್ನಿರ್, ನಾನ್ ಕಾಣ್ತೆ" ಎಂದು ಗದರಿದೆ.

ಆ ಹದಿನಾರು ದಿನ ನನಗೆ ಒಂದು ಕಡೆ ಕೂತಲ್ಲಿ ಕೂರಲು ಆಗಲಿಲ್ಲ. ಸ್ನಾನ ಮುಗಿಸಿ, ಗಡಿಬಿಡಿಯಲ್ಲಿ ಬಸ್ಸು ಹತ್ತಿದರೆ ಕೋಟೇಶ್ವರ ಬರುವಷ್ಟರಲ್ಲಿ ಅನುಮಾನ ಹತ್ತುತ್ತಿತ್ತು. ಸ್ವಿಚ್ಚು ಆಫ್ ಮಾಡಿದ್ದೇನಾ ಇಲ್ಲವಾ? ಸುಷ್ಮಾಳಿಗೆ ಫೋನು. ಅವಳು ನೋಡಿ ಬಂದು ಆಫ್ ಇದೆ ಅನ್ನುತ್ತಿದ್ದಳು. ಅರ್ಧ ಗಂಟೆಯ ಮೇಲೆ ಮತ್ತೆ ಫೋನು. ಗಿರಾಕಿ ನೀಲಿ ಸೀರೆ ಕೇಳಿದರೆ ಹಸಿರು ತೋರಿಸುತ್ತಿದ್ದೆ. ಅಂಗಡಿಯಲ್ಲಿ ನನ್ನ ಜೊತೆಯವಳು, "ವನಜಕ್ಕ, ನಿಮ್ಗೆ ಎಂತ ಆಯ್ತ್ ಮಾರ್ರೆ, ಬಾಣಂತಿ ಅವಳಾ ನೀವಾ?" ಎಂದು ನಗೆಯಾಡಿದಳು. ನನಗೆ ನಗು ಬರಲಿಲ್ಲ.

ಹದಿನೇಳನೆಯ ದಿನ ಬೆಳಗಿನ ಜಾವದಿಂದಲೇ ಗಾಳಿ ಮಳೆ, ಕರೆಂಟಿಲ್ಲ. ಗ್ಯಾಸಿನ ಮೇಲೆ ಪಾತ್ರೆಯಲ್ಲಿ ನೀರು ಕಾಯಿಸಿ ಹೇಗೋ ಒಂದು ಬಕೆಟ್ ಮಾಡಿದೆ. ಮಗುವಿಗೆ ಅಷ್ಟು ಸಾಕಾಯಿತು. ಗುಲಾಬಿಯಕ್ಕ ಮಗುವನ್ನು ಮೀಯಿಸಿ ನನ್ನ ಕೈಗೆ ಕೊಟ್ಟರು. ಸುಷ್ಮಾ ತಲೆಗೆ ಎಣ್ಣೆ ಹಚ್ಚಿಸಿಕೊಂಡು ಹೊರಗೆ ಸ್ಟೂಲಿನ ಮೇಲೆ ತೂಕಡಿಸುತ್ತಾ ಕಾಯುತ್ತಿದ್ದಳು. ನಾನು ಮಗುವನ್ನು ಕೋಣೆಗೆ ಒಯ್ದು ಒರೆಸುತ್ತಿರುವಾಗ ಫ್ಯಾನು ತಿರುಗತೊಡಗಿತು. ಕರೆಂಟು ಬಂತು, ಸದ್ಯ, ಇನ್ನು ಬಾಣಂತಿಗೆ ನೀರಾಗುತ್ತದೆ ಎಂದು ಸಮಾಧಾನಪಟ್ಟೆ. ಮಗುವಿಗೆ ಧೂಪ ಹಿಡಿದು, ಬಟ್ಟೆ ಸುತ್ತುವುದರಲ್ಲಿ ಮೈಮರೆತೆ. ನಾನು ಅಂದುಕೊಂಡದ್ದನ್ನೇ ಗುಲಾಬಿಯಕ್ಕನೂ ಅಂದುಕೊಂಡಿದ್ದರು. ಬಚ್ಚಲ ಬಾಗಿಲ ಹೊರಗಿದ್ದ ಸ್ವಿಚ್ಚು ಹಾಕಿ, ಹತ್ತು ನಿಮಿಷ ಬಿಟ್ಟು, ಬಕೆಟ್ ತುಂಬಿಸಲು ನಲ್ಲಿ ಹಿಡಿದಿದ್ದರು.

ತಂಬಿಗೆ ಉರುಳಿದ ಸದ್ದು ಕೇಳಿತು. ಆಮೇಲೆ ಅರ್ಥವಾಗದ ಒಂದು ಸ್ವರ, ಗಂಟಲಿನೊಳಗೇ ಸಿಕ್ಕಿಕೊಂಡ ಹಾಗೆ. "ಗುಲಾಬಿಯಕ್ಕ" ಎಂದು ಸುಷ್ಮಾ ಸ್ಟೂಲಿನಿಂದ ಎದ್ದದ್ದು ಕೇಳಿತು.

"ಮುಟ್ಬೇಡ ಸುಷ್ಮಾ, ಕರೆಂಟ್" ಎಂದು ನಾನು ಕೋಣೆಯೊಳಗಿನಿಂದಲೇ ಕಿರುಚಿದೆ. ಮಗುವನ್ನು ಒಂದು ಕೈಯಲ್ಲಿ ಎದೆಗೆ ಒತ್ತಿ ಹಿಡಿದು ಓಡಿದೆ. ಸುಷ್ಮಾಳ ಕೈ ಗುಲಾಬಿಯಕ್ಕನ ಹೆಗಲಿನಿಂದ ಒಂದು ಗೇಣು ದೂರದಲ್ಲಿತ್ತು. ಸ್ವಿಚ್ಚು ಬಡಿದೆ. ಗುಲಾಬಿಯಕ್ಕನ ಕೈ ನಲ್ಲಿಯಿಂದ ಬಿಟ್ಟುಬಂತು, ಗೋಡೆಗೆ ಒರಗಿ ಹಾಗೇ ಕುಸಿದರು.

ಕಣ್ಣು ತೆರೆದಿದ್ದವು, ಮಾತಿಲ್ಲ. ಬಲಗೈ ಅಂಗೈಯಲ್ಲಿ ಸುಟ್ಟ ಗೆರೆ. ಕೆಳಗಿನಿಂದ ಶಾರದಕ್ಕನ ಮಗ ಓಡಿಬಂದು ಕಾರಿನಲ್ಲಿ ಕುಂದಾಪುರದ ಆಸ್ಪತ್ರೆಗೆ ಒಯ್ದ. ನಾನು ಜೊತೆಗೆ ಹೋದೆ. ಆ ದಾರಿ ಎಷ್ಟು ಉದ್ದವಿತ್ತೆಂದರೆ, ದಿನಾ ಹೋಗಿಬರುವ ದಾರಿಯೇ ಅಲ್ಲ ಅನ್ನಿಸಿತು. ತೆಕ್ಕಟ್ಟೆ ದಾಟುವಾಗ ಅವರು ಮೊದಲ ಮಾತಾಡಿದರು. "ಮಗು?" ಎಂದು ಕೇಳಿದರು. ಮಗುವಿಗೆ ಎಂತದೂ ಆಗಲಿಲ್ಲ ಎಂದೆ. ಮತ್ತೆ ಕಣ್ಣು ಮುಚ್ಚಿದರು.

ಹೃದಯದ ಪರೀಕ್ಷೆ ಮಾಡಿ, ಒಂದು ದಿನ ಇಟ್ಟುಕೊಂಡು, ಏನೂ ತೊಂದರೆಯಿಲ್ಲ, ಕೈ ವಾಸಿಯಾಗಲು ಸಮಯ ಬೇಕು ಎಂದು ಕಳಿಸಿದರು. ಆಗ ನನಗೆ ಉಸಿರು ಬಂತು. ಉಸಿರಿನ ಹಿಂದೆಯೇ ಸಿಟ್ಟೂ ಬಂತು. ಮನೆಗೆ ಬಂದಾಗ ಶಾರದಕ್ಕ ಮೆಟ್ಟಿಲ ಬುಡದಲ್ಲಿ ನಿಂತಿದ್ದರು. ಮುಖ ಬಿಳುಚಿತ್ತು. ಆದರೂ ಕೇಳಿದರು, "ಸ್ವಿಚ್ ಆಫ್ ಮಾಡ್ದೆ ನಲ್ಲಿ ಮುಟ್ಟಿದ್ ಎಂತಕೆ ಅವ್ರ್?"

ಎಂಟು ತಿಂಗಳಿನಿಂದ ಮುಚ್ಚಿದ ಬಾಯಿ ಆಗ ತೆರೆಯಿತು. "ಗೀಸರ್ ನಿಮ್ದ್, ವಯರ್ ನಿಮ್ದ್, ಮನಿ ನಿಮ್ದ್. ಕೆಟ್ರೆ ಸಮ ಮಾಡ್ಸಿ ಕೊಡ್ಕ್ ಅಂತ ಕರಾರಗೆ ಬರ್ದಿತ್ತ್, ನಿಮ್ಮ ಸಹಿ ಇತ್ತ್. ನಾನ್ ಎಷ್ಟ್ ಸಲ ಹೇಳಿದೆ? ಮಣಿ ಕೊಟ್ರಿ. ಮಣಿ ಕೊಡುದ್ ದುರಸ್ತಿಯಾ ಶಾರದಕ್ಕ?" ಎಂದು ಬೀದಿಗೆ ಕೇಳುವ ಹಾಗೆ ಹೇಳಿದೆ. ಬ್ಯಾಗಿನಲ್ಲಿದ್ದ ಕಾಗದ ತೆಗೆದು, ಆ ದಿನದ ತಾರೀಕು ಹಾಕಿ, ಅವರ ಕೈಯಲ್ಲೇ ಇಟ್ಟೆ. ಸಮ ಆಗುವವರೆಗೆ ನಾವು ಮನೆಯನ್ನೂ ಬಿಡುವುದಿಲ್ಲ, ಆ ಬಚ್ಚಲನ್ನೂ ಮುಟ್ಟುವುದಿಲ್ಲ ಎಂದೆ.

ಮರುದಿನವೇ ಕೋಟದಿಂದ ಎಲೆಕ್ಟ್ರಿಷನ್ ಬಂದ. ಗೀಸರ್ ಬಿಚ್ಚಿದ, ಬೋರ್ಡು ಬಿಚ್ಚಿದ, ಕೊನೆಗೆ ಅಂಗಳಕ್ಕೆ ಇಳಿದು ಹುಡುಕತೊಡಗಿದ. "ಅರ್ತಿಂಗೇ ಇಲ್ಲೆ ಮಾರ್ರೆ ಈ ಮನಿಗೆ" ಎಂದ. ಸೋರಿದ ಕರೆಂಟು ನೆಲಕ್ಕೆ ಇಳಿದುಹೋಗಲೆಂದು ಗುಂಡಿ ತೋಡಿ ಹೂಳುವ ತಂತಿ ಅದು. ಮೂರೂವರೆ ವರ್ಷದ ಹಿಂದೆ ಮಗನ ಮದುವೆಗೆಂದು ಶಾರದಕ್ಕ ಅಂಗಳಕ್ಕೆಲ್ಲ ಇಂಟರ್‌ಲಾಕ್ ಕಲ್ಲು ಹಾಕಿಸಿದ್ದರು. ಚಪ್ಪರದ ಕೆಳಗೆ ನೆಲ ಚಂದ ಕಾಣಲೆಂದು ಆ ಗುಂಡಿಯನ್ನು ಮುಚ್ಚಿ, ಅಡ್ಡ ಬಂದ ತಂತಿಯನ್ನು ಕತ್ತರಿಸಿ ಬಿಟ್ಟಿದ್ದರು ಕೆಲಸದವರು. ಮಣೆಯ ಮೇಲೆ ಮೀಯುವುದು ಶುರುವಾದದ್ದು ಆಗಿನಿಂದಲೇ. ಮೇಲಿನ ಗೀಸರಿನೊಳಗೆ ನೀರು ಕಾಯಿಸುವ ಸುರುಳಿಯೂ ತುಕ್ಕು ಹಿಡಿದು ತೂತಾಗಿ ಕರೆಂಟು ಸೋರುತ್ತಿತ್ತು. ಇದನ್ನೆಲ್ಲ ಕೇಳಿ ಶಾರದಕ್ಕ ಜಗಲಿಯಲ್ಲಿ ಕೂತುಬಿಟ್ಟರು. "ನಮ್ಮ ಪುಟ್ಟಿನೂ ಕೆಳಗಿನ ಬಚ್ಚಲಗೆ ಹಾಂಗೇ ಮೀತಾ ಇದ್ದದ್ದಲ್ದಾ" ಎಂದು ಮೊಮ್ಮಗಳನ್ನು ನೋಡುತ್ತಾ ಎರಡು ಸಲ ಹೇಳಿದರು. ಅವರಿಗೆ ಕೆಟ್ಟ ಮನಸ್ಸಿರಲಿಲ್ಲ ಎಂದು ನನಗೂ ಗೊತ್ತಾಯಿತು. ವಾರದೊಳಗೆ ಹೊಸ ಅರ್ತಿಂಗು, ಹೊಸ ಗೀಸರು, ಸ್ವಲ್ಪ ಸೋರಿದರೂ ತಾನಾಗಿ ಕರೆಂಟು ತೆಗೆಯುವ ಒಂದು ಸ್ವಿಚ್ಚು, ಎಲ್ಲ ಅವರೇ ಹಾಕಿಸಿದರು.

ನಾನು ಗೆದ್ದಿದ್ದೆ. ಅಂಗಡಿಯಲ್ಲಿ ಎಲ್ಲರೂ ಭೇಷ್ ಅಂದರು. ಆ ಭಾನುವಾರ ಹಣ್ಣು, ಹಾರ್ಲಿಕ್ಸ್ ಕಟ್ಟಿಕೊಂಡು ಗುಲಾಬಿಯಕ್ಕನ ಮನೆಗೆ ಹೋದೆ. ಅವರು ಹೊರಗೆ ಗೋಡೆಗೆ ಒರಗಿ ಕೂತಿದ್ದರು. ಬಲಗೈಗೆ ಬ್ಯಾಂಡೇಜು. ಆ ಕೈಯಲ್ಲಿ ಇನ್ನೂ ಯಾವ ಮಗುವನ್ನೂ ಹಿಡಿಯುವ ಹಾಗಿರಲಿಲ್ಲ, ಹೇಳಿಟ್ಟಿದ್ದ ಎರಡು ಮನೆಯವರು ಬೇರೆಯವರನ್ನು ನೋಡಿಕೊಂಡಿದ್ದರು. ನಾನು ಎದುರು ಕೂತು ಎಲ್ಲ ಹೇಳಿದೆ. ಶಾರದಕ್ಕ ಮಣೆ ಕೊಟ್ಟದ್ದು, ನಾನು ಬೈದದ್ದು, ಕಾಗದ ಕೊಟ್ಟದ್ದು, ಇಂಟರ್‌ಲಾಕಿನ ಕೆಳಗೆ ಸಿಕ್ಕ ತಂತಿ. ಮನೆಯವರ ಬೇಜವಾಬ್ದಾರಿಯಿಂದ ನಿಮಗೆ ಹೀಗಾಯಿತು ಎಂದೆ.

ಅವರು ಕೊನೆಯವರೆಗೂ ಕೇಳಿದರು. ಆಮೇಲೆ ಮೆಲ್ಲಗೆ ಹೇಳಿದರು. "ಅವತ್ತ್ ನಾನ್ ನಲ್ಲಿಗೆ ಕಚ್ಚಿ ನಿಂತಾಗ್ಳೂ ಕೆಮಿಗೆ ಎಲ್ಲ ಕೇಳ್ತಿದ್ದಿತ್ ವನಜಮ್ಮ. ನೀವ್ ಕೋಣೆಯಗೆ ಇದ್ದಿರಿ. ನನ್ನ ಕಾಣುಕೆ ಮೊದ್ಲೇ ಕರೆಂಟ್ ಅಂದ್ರಿ. ಬೇರೆ ಯಾರಾರೂ ಆದ್ರೆ ಜಾರಿ ಬಿದ್ದದ್ದ್ ಅಂತಿದ್ರ್." ಬ್ಯಾಂಡೇಜಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೇಳಿದರು, "ನಿಮ್ಗೆ ಗೊತ್ತಿದ್ದಿತಾ?"

"ಹೌದು" ಅಂದೆ. ಹೇಳಿದರೆ ನೀವು ಬರುವುದಿಲ್ಲವೇನೋ ಎಂದು ಹೆದರಿದೆ ಅಂತಲೂ ಹೇಳಿದೆ.

"ಬಪ್ಪುದ್ ಬಿಡ್ತಿರ್ಲಿಲ್ಲೆ" ಅಂದರು ಗುಲಾಬಿಯಕ್ಕ. "ಹಿಂದ್ಗಡೆ ಮಾಡಿನ ಅಡಿಯಗೆ ಮೂರ್ ಕಲ್ಲ್ ಹೂಡಿ ನೀರ್ ಕಾಯ್ಸ್ತಿದ್ದೆ. ನಾನ್ ಮಕ್ಳನ್ನ ಮೀಸುಕೆ ಕಲ್ತದ್ದೇ ಹಾಂಗೆ. ಒಂದ್ ಮಾತ್ ಹೇಳಿರೆ ಸಾಕಿದ್ದಿತ್."

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ, ಸೊಸೆಯನ್ನು ಕರೆದು ನನಗೆ ಚಹಾ ಮಾಡಿಸಿದರು. ಆ ಚಹಾ ಹೇಗೆ ಕುಡಿದೆನೋ ಗೊತ್ತಿಲ್ಲ. ಬಸ್ಸಿನಲ್ಲಿ ಬರುವಾಗ ಅತ್ತೆ.

ನಲವತ್ತನೆಯ ದಿನದ ಸ್ನಾನಕ್ಕೆ ಬನ್ನಿ ಎಂದು ಕರೆಯಲು ಧೈರ್ಯವಿರಲಿಲ್ಲ. ಸುಷ್ಮಾ ಫೋನು ಮಾಡಿ ಕರೆದಳು. ಗುಲಾಬಿಯಕ್ಕ ಬಂದರು. ಅಂಗೈಯಲ್ಲಿ ಹೊಸ ಚರ್ಮ ಬಂದಿತ್ತು. ಮಗುವನ್ನು ಎತ್ತಿಕೊಂಡು ಬಚ್ಚಲ ಬಾಗಿಲವರೆಗೆ ಬಂದವರು ಅಲ್ಲೇ ನಿಂತರು. ನನ್ನ ಮುಖ ನೋಡಿದರು.

ನಾನು ಮೊದಲು ಒಳಗೆ ಹೋದೆ. ಗೀಸರ್ ಹಾಕಿತ್ತು. ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತು ನಲ್ಲಿಯನ್ನು ಗಟ್ಟಿಯಾಗಿ ಹಿಡಿದೆ. ಏನೂ ಆಗುವುದಿಲ್ಲವೆಂದು ಚೆನ್ನಾಗಿ ಗೊತ್ತಿದ್ದರೂ ಕಾಲು ಮತ್ತೆ ಮಣೆ ಹುಡುಕುತ್ತಿತ್ತು. ಅದನ್ನು ಅವರು ನೋಡಿದರು. ಬಕೆಟ್ ಅರ್ಧ ತುಂಬುವವರೆಗೆ ಬಾಗಿಲಲ್ಲೇ ನಿಂತಿದ್ದು, ಆಮೇಲೆ ಒಳಗೆ ಕಾಲಿಟ್ಟರು.

ಶಾರದಕ್ಕನ ಮೇಲಿನ ಸಿಟ್ಟು ಹೊಸ ಗೀಸರ್ ಬಂದ ದಿನವೇ ಇಳಿದುಹೋಗಿತ್ತು. ನನ್ನ ಮೇಲೆ ನನಗಿರುವುದು ಇನ್ನೂ ಇಳಿದಿಲ್ಲ. ಗುಲಾಬಿಯಕ್ಕ ಮಗುವಿಗೆ ಎಣ್ಣೆ ಹಚ್ಚುತ್ತಿದ್ದಾಗಲೂ ನಾನು ನಲ್ಲಿ ಹಿಡಿದೇ ನಿಂತಿದ್ದೆ. "ಇನ್ನ್ ಸಾಕ್, ನಲ್ಲಿ ಬಿಡಿ ವನಜಮ್ಮ" ಎಂದು ಅವರೇ ಹೇಳಬೇಕಾಯಿತು.